ಬಿಲ್ಲು ಅಂದ್ರೆ ಗುತ್ತಿಗೆದಾರರ ಬಿಲ್ಲಲ್ಲ ಸಾಹೇಬ್ರ

ನಮ್ಮ ಕಡೆ ಒಂದು ರಸ್ತೆಗೆ ಭೂಮಿಪೂಜೆ ಇತ್ತು. ಶಾಸಕರು ಬಂದಿದ್ದರು. ಗುದ್ದಲಿ ಹಿಡಿದು ಫೋಟೊ ಕೊಟ್ಟರು, ತೆಂಗಿನಕಾಯಿ ಒಡೆದರು, ಕಾರು ಹತ್ತುವ ಮೊದಲು ನಮ್ಮಂಥ ನಾಲ್ಕು ಜನ ವರದಿಗಾರರ ಮುಂದೆ ನಿಂತರು. ನಾನು ಕೇಳಿದೆ: "ಸರ, ಮೈಕ್ರೋ ಫೈನಾನ್ಸ್ ಬಿಲ್ ಪಾಸಾತಲ್ರಿ, ಅದರಾಗ ನಿಮ್ಮ ಅಭಿಪ್ರಾಯ ಏನ್ರಿ?"

ಅವರಿಗೆ 'ಬಿಲ್ ಪಾಸಾತು' ಅನ್ನೋದಷ್ಟೇ ಕೇಳಿಸಿತು. ಪಕ್ಕದಲ್ಲಿದ್ದ ಗುತ್ತಿಗೆದಾರರ ಕಡೆ ತಿರುಗಿ, "ಯಾವ ಬಿಲ್ಲೋ? ಹಿಂದಿನ ರೋಡಿಂದೇನು? ಪಾಸ್ ಆಗೇತೇನು?" ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಬೈಕ್ ಹತ್ತಿ ಮನೆಗೆ ಬರುವಾಗ ಮಾತ್ರ ನಗು ಬರಲಿಲ್ಲ.

ಆ ಪ್ರಶ್ನೆ ನನ್ನದಲ್ಲ. ನಮ್ಮ ಓಣಿಯ ಒಬ್ಬ ಅಕ್ಕನದು. ಸಂಘದ ಸಾಲ ತೆಗೆದುಕೊಂಡಿದ್ದಾಳೆ, ಎರಡು ವಾರದ ಕಂತು ತಪ್ಪಿದೆ. ವಸೂಲಿಗೆ ಬಂದ ಹುಡುಗ ಕತ್ತಲಾದರೂ ಕಟ್ಟೆಯ ಮೇಲೆ ಕೂತಿದ್ದಾನೆ, ಏಳುವುದಿಲ್ಲ. "ತಮ್ಮಾ, ಕಾನೂನು ಬಂದೈತಿ ಅಂತ ನೀನ ಪೇಪರಿನ್ಯಾಗ ಬರದಿ. ಮತ್ತ ಇಂವ ಯಾಕ ಕುಂತಾನ?" ಅಂದಳು. ಬರೆದವನು ನಾನೇ. ಉತ್ತರ ಮಾತ್ರ ನನ್ನ ಹತ್ತಿರ ಇರಲಿಲ್ಲ. ಹೋಗಿ ಕಾಯ್ದೆ ತೆರೆದು ಕೂತೆ.

ನಿಮ್ಮಲ್ಲಿ ಬಹಳ ಮಂದಿಗೆ ನೆನಪಿರಬಹುದು. 2025ರ ಜನವರಿಯಲ್ಲಿ ಸಾಲ ವಸೂಲಿ ಕಾಟಕ್ಕೆ ಊರು ಬಿಟ್ಟವರು, ಜೀವ ಬಿಟ್ಟವರು ದಿನಾ ಸುದ್ದಿಯಲ್ಲಿದ್ದರು. ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ತಾಳಿಯನ್ನೇ ಅಂಚೆಗೆ ಹಾಕಿ ಸರ್ಕಾರಕ್ಕೆ ಕಳಿಸಿದರು. ಸರ್ಕಾರ ಸುಗ್ರೀವಾಜ್ಞೆ ಮಾಡಿ ರಾಜ್ಯಪಾಲರಿಗೆ ಕಳಿಸಿತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿದರು. ಸಾಲವೇ ಹೆಚ್ಚೆಂದರೆ 3 ಲಕ್ಷ, ಅದಕ್ಕೆ 5 ಲಕ್ಷ ದಂಡ, 10 ವರ್ಷ ಜೈಲು ಹೇಗೆ ಅನ್ನುವುದು ಅವರ ತಕರಾರು. ಸರ್ಕಾರ ವಿವರಣೆ ಕೊಟ್ಟು ಮತ್ತೆ ಕಳಿಸಿತು. ಫೆಬ್ರವರಿ 12ಕ್ಕೆ ಅದು ಜಾರಿಯಾಯಿತು. ಮಾರ್ಚ್‌ನಲ್ಲಿ ಅದೇ ವಿಷಯ ವಿಧೇಯಕವಾಗಿ ಎರಡೂ ಸದನ ದಾಟಿತು. ವಿಧೇಯಕ ಅಂದರೆ ಬಿಲ್ಲು. ಅಷ್ಟು ಸರಳ ಮಾತು ಸಾಹೇಬರಿಗೆ ಗುತ್ತಿಗೆದಾರರ ಬಿಲ್ಲಾಗಿ ಕೇಳಿಸಿತು.

ಓದಿದ ಮೇಲೆ ಗೊತ್ತಾಗಿದ್ದು ಇದು. ನೋಂದಣಿ ಇಲ್ಲದ ಸಂಸ್ಥೆ, ಬಡ್ಡಿ ವ್ಯವಹಾರದವರು ಬಡವರಿಗೆ ಕೊಟ್ಟ ಸಾಲ ಮನ್ನಾ ಆದಂತೆ ಅಂತ ಆ ಕಾಯ್ದೆಯಲ್ಲಿದೆ. ಒಳ್ಳೆಯದೇ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕು, ಹಣಕಾಸು ಕಂಪನಿಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಕ್ಕನ ಕಟ್ಟೆಯ ಮೇಲೆ ಕೂತ ಹುಡುಗ ಅಂಥದೇ ನೋಂದಣಿಯಾದ ಕಂಪನಿಯವನು. ಅಂದರೆ ನಾನು ದೊಡ್ಡ ತಲೆಬರಹ ಹಾಕಿ 'ಇನ್ನು ಕಿರುಕುಳ ಕೊಟ್ಟರೆ ಜೈಲು' ಅಂತ ಬರೆದ ಕಾಯ್ದೆ ಅವಳ ಬಾಗಿಲಿಗೆ ಬರುವುದೇ ಇಲ್ಲ. ಅವಳಿಗೆ ನೆರವಿಗೆ ಬರುವುದು ರಿಸರ್ವ್ ಬ್ಯಾಂಕು 2022ರಲ್ಲಿ ಮಾಡಿದ ನಿಯಮ: ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ, ಸಾಲಗಾರರನ್ನು, ಅವರ ಮನೆಯವರನ್ನು ಪೀಡಿಸುವಂತಿಲ್ಲ, ಎಲ್ಲ ಸಾಲದ ಕಂತು ಸೇರಿ ಮನೆಯ ಆದಾಯದ ಅರ್ಧ ದಾಟುವಂತಿಲ್ಲ. ಇದನ್ನು ನಮ್ಮ ಊರಲ್ಲಿ ಯಾರು ಹೇಳಿದ್ದಾರೆ? ಯಾರೂ ಇಲ್ಲ.

ಈಗ ಯೋಚನೆ ಮಾಡಿ. ಸದನದಲ್ಲಿ 224 ಜನ ಕೂತಿರುತ್ತಾರೆ. ಅದರಲ್ಲಿ ಹಳ್ಳಿ ಕ್ಷೇತ್ರಗಳಿಂದ ಹೋದವರೇ ಹೆಚ್ಚು. 'ಅಧ್ಯಕ್ಷರೇ, ನನ್ನ ಕ್ಷೇತ್ರದಲ್ಲಿ ಸಾಲ ಕೊಟ್ಟವರಲ್ಲಿ ನೋಂದಣಿಯಾದವರೆಷ್ಟು, ಆಗದವರೆಷ್ಟು? ನೋಂದಣಿಯಾದವರು ಕಾಟ ಕೊಟ್ಟರೆ ಹೆಣ್ಣುಮಗಳು ಯಾರ ಹತ್ತಿರ ಹೋಗಬೇಕು?' ಇಷ್ಟು ಕೇಳಲು ಎಲ್‌ಎಲ್‌ಬಿ ಬೇಕಾಗಿಲ್ಲ. ಓಣಿಯಲ್ಲಿ ಒಂದು ಸುತ್ತು ತಿರುಗಿದ್ದರೆ ಸಾಕು. ನಮ್ಮ ಶಾಸಕರು ಓಣಿಯಲ್ಲಿ ತಿರುಗುತ್ತಾರೆ, ಇಲ್ಲ ಅನ್ನುವುದಿಲ್ಲ. ಮದುವೆಗೆ, ಮುಂಜಿಗೆ, ತೊಟ್ಟಿಲಿಗೆ, ಮಣ್ಣಿಗೆ ಎಲ್ಲದಕ್ಕೂ ಬರುತ್ತಾರೆ. ಅಲ್ಲಿ ಕಂಡದ್ದು ಬೆಂಗಳೂರಿಗೆ ಮಾತ್ರ ಹೋಗುವುದಿಲ್ಲ.

ಹಾಗಂತ ಸದನದಲ್ಲಿ ಬಿಲ್ಲುಗಳು ಪಾಸಾಗುವುದೇ ಇಲ್ಲವೇ? ಆಗುತ್ತವೆ, ಭರ್ಜರಿಯಾಗಿ ಆಗುತ್ತವೆ. 2025ರ ಮಾರ್ಚ್ 21 ನೆನಪು ಮಾಡಿಕೊಳ್ಳಿ. ಹನಿಟ್ರ್ಯಾಪ್ ಗದ್ದಲ. ವಿರೋಧ ಪಕ್ಷದವರು ಸಭಾಧ್ಯಕ್ಷರ ಪೀಠದ ಹತ್ತಿರ ಹೋಗಿ ಕಾಗದ ಹರಿದು ಎಸೆದರು. ಬಿಜೆಪಿಯ 18 ಶಾಸಕರು ಆರು ತಿಂಗಳು ಅಮಾನತು. ಮಾರ್ಷಲ್‌ಗಳು ಹೊತ್ತು ಹೊರಗೆ ಹಾಕಿದ್ದನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿದ್ದೀರಿ. ಅದೇ ದಿನ, ಅದೇ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಪಾಸಾದ ಬಿಲ್ಲುಗಳಲ್ಲಿ ಒಂದು ಅವರದೇ ಸಂಬಳದ್ದು. ಶಾಸಕರ ಮೂಲ ವೇತನ 40,000ದಿಂದ 80,000ಕ್ಕೆ. ಮುಖ್ಯಮಂತ್ರಿಯದು 75,000ದಿಂದ 1.5 ಲಕ್ಷಕ್ಕೆ. ಭತ್ಯೆಗಳು ಬೇರೆ.

'ಅದು ಕಾಂಗ್ರೆಸ್‌ನವರ ಕೆಲಸ' ಅಂತ ಯಾರಾದರೂ ಕಮೆಂಟ್ ಹಾಕುವ ಮೊದಲು ಇನ್ನೂ ಮೂರು ವರ್ಷ ಹಿಂದಕ್ಕೆ ಹೋಗಿ. 2022ರ ಫೆಬ್ರವರಿ. ಆಗ ಬಿಜೆಪಿ ಸರ್ಕಾರ. ರಾಷ್ಟ್ರಧ್ವಜದ ಬಗ್ಗೆ ಸಚಿವರೊಬ್ಬರ ಹೇಳಿಕೆಯ ಮೇಲೆ ಕಾಂಗ್ರೆಸ್‌ನವರು ಸದನದಲ್ಲಿ ಧರಣಿ ಕೂತಿದ್ದರು. ಆ ಗದ್ದಲದಲ್ಲೇ ಸಂಬಳದ ಬಿಲ್ಲು ಪಾಸಾಯಿತು, ಶಾಸಕರ ವೇತನ 25,000 ಇದ್ದದ್ದು 40,000 ಆಯಿತು. ಆಗಲೂ ಚರ್ಚೆ ಇಲ್ಲ. ಎರಡು ಸಲ, ಎರಡು ಬೇರೆ ಸರ್ಕಾರ, ಎರಡು ಬೇರೆ ವಿರೋಧ ಪಕ್ಷ. ಗದ್ದಲದ ಕಾರಣ ಬೇರೆ, ಫಲ ಒಂದೇ. ಹೊರಗೆ ಹೋದವರಾಗಲಿ ಒಳಗೆ ಉಳಿದವರಾಗಲಿ ಹೆಚ್ಚಾದ ಸಂಬಳದ ಮೇಲೆ ಜಗಳ ತೆಗೆದದ್ದು ನನಗೆ ಕಾಣಲಿಲ್ಲ.

ಸಂಬಳ ಹೆಚ್ಚಾಗಬಾರದು ಅಂತ ನಾನು ಹೇಳುತ್ತಿಲ್ಲ. ನಿಯತ್ತಾಗಿ ಕೆಲಸ ಮಾಡುವವನಿಗೆ ಸಂಬಳ ಬೇಕು, ಇಲ್ಲದಿದ್ದರೆ ದುಡ್ಡಿದ್ದವರಷ್ಟೇ ಶಾಸಕರಾಗುತ್ತಾರೆ (ಈಗೇನು ಬೇರೆ ಥರ ಇದೆಯೇ ಅಂತ ನೀವು ಕೇಳಬಹುದು). ನನ್ನ ಸಿಟ್ಟು ಬೇರೆ. ಅದೇ ವರ್ಷ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಮಲಗಿದರು. ಕೇಳಿದ್ದು ತಿಂಗಳಿಗೆ 15,000. ಸಿಕ್ಕಿದ್ದು 10,000ದ ಭರವಸೆ. ನಮ್ಮೂರಿನ ಆಶಾ ಕಾರ್ಯಕರ್ತೆಯೂ ಬುತ್ತಿ ಕಟ್ಟಿಕೊಂಡು ಹೋಗಿ ಬಂದಳು. ಅವಳ 10,000ಕ್ಕೆ ದಿನಗಟ್ಟಲೆ ಮಾತುಕತೆ ಬೇಕಾಯಿತು. ಇವರ 40,000 ಹೆಚ್ಚಳಕ್ಕೆ 'ಹೌದು ಅನ್ನುವವರು ಹೌದು ಅನ್ನಿ' ಅನ್ನುವಷ್ಟು ಹೊತ್ತು ಸಾಕಾಯಿತು.

ಇನ್ನೊಂದು ಕಾಯ್ದೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಸಬೇಕು ಅಂತ 2005ರಲ್ಲಿ ಇದೇ ವಿಧಾನಮಂಡಲ ತನಗೆ ತಾನೇ ಮಾಡಿಕೊಂಡ ಕಾನೂನು. ಅದನ್ನು ಪಾಲಿಸಿದ ವರ್ಷ ಹುಡುಕುವುದು ಕಷ್ಟ. ಬೆಳಗಾವಿ ಅಧಿವೇಶನ ಅಂತ ನಮ್ಮ ಕಡೆಗೆ ಬರುತ್ತಾರೆ, ಹತ್ತು ದಿನ. ಮೊದಲ ದಿನ ಸಂತಾಪ ಸೂಚನೆ, ಮಧ್ಯೆ ಧರಣಿ, ಕೊನೆಗೆ ಎರಡು ದಿನ ಉತ್ತರ ಕರ್ನಾಟಕದ ಮೇಲೆ ಭಾಷಣ. ಖಾಲಿ ಕುರ್ಚಿಗಳ ಮುಂದೆ.

ಇಲ್ಲಿಗೆ ಬಂದಾಗ ಶಾಸಕರ ಕಡೆಯವರು ಒಂದು ಮಾತು ಹೇಳುತ್ತಾರೆ. 'ಬಿಲ್ಲು ತರುವುದು ಸರ್ಕಾರ. ಪಕ್ಷದ ವಿಪ್ ಇರುತ್ತದೆ. ಒಬ್ಬ ಶಾಸಕ ಏನು ಮಾಡಲಿಕ್ಕಾಗುತ್ತದೆ?' ಅರ್ಧ ನಿಜ. ಮಂತ್ರಿಯಲ್ಲದ ಸದಸ್ಯರು ತರುವ ಖಾಸಗಿ ವಿಧೇಯಕಗಳ ಗತಿ ನಮ್ಮ ದೇಶದಲ್ಲಿ ಎಲ್ಲರಿಗೂ ಗೊತ್ತು. ಸಂಸತ್ತಿನಲ್ಲೇ ಇದುವರೆಗೆ ಕಾನೂನಾದದ್ದು 14, ಕೊನೆಯದು 1970ರಲ್ಲಿ. ಆದರೆ ವಿಪ್ ಕಟ್ಟಿಹಾಕುವುದು ಮತವನ್ನು, ಬಾಯಿಯನ್ನಲ್ಲ. ಬಿಲ್ಲಿನ ಪ್ರತಿ ಓದಬೇಡ ಅಂತ ಯಾವ ವಿಪ್ಪೂ ಹೇಳುವುದಿಲ್ಲ. ತಿದ್ದುಪಡಿ ಸೂಚಿಸಬೇಡ, ಪ್ರಶ್ನೆ ಕೇಳಬೇಡ, ಪರಿಶೀಲನಾ ಸಮಿತಿಗೆ ಕಳಿಸಿ ಅಂತ ಕೇಳಬೇಡ ಅಂತಲೂ ಹೇಳುವುದಿಲ್ಲ.

ಒಬ್ಬ ಶಾಸಕ ಏನು ಮಾಡಬಹುದು ಅನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಮೇಲೆ ಶುರುವಾದ ಜಗಳ ಸತ್ಯಾಗ್ರಹವಾಯಿತು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು ಮರುವರ್ಷವೇ ಶಾಸಕರಾದರು. ಒಂದು ದಿನವೂ ಮಂತ್ರಿಯಾಗಲಿಲ್ಲ, ಸದಾ ವಿರೋಧ ಪಕ್ಷ. ಗೇಣಿದಾರರ ಮಾತನ್ನು ಸದನದಲ್ಲಿ ಎತ್ತುವುದನ್ನು ಬಿಡಲಿಲ್ಲ. 1972ರಲ್ಲಿ ತೀರಿಕೊಂಡರು. ಉಳುವವನೇ ಹೊಲದೊಡೆಯ ಅನ್ನುವ ಕಾಯ್ದೆ ದೇವರಾಜ ಅರಸರ ಕಾಲದಲ್ಲಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅದನ್ನು ನೋಡಲು ಗೌಡರು ಇರಲಿಲ್ಲ. ನನ್ನ ಅಜ್ಜ ಏಳನೇ ನಮೂನೆ ಅರ್ಜಿ ಹಾಕಿ ಎರಡೂವರೆ ಎಕರೆ ಪಡೆದದ್ದು ಆ ಕಾಯ್ದೆಯಲ್ಲಿ. ಅಜ್ಜನಿಗೆ ಶಾಂತವೇರಿ ಯಾರು ಅಂತ ಗೊತ್ತಿರಲಿಲ್ಲ. ಪಹಣಿಯಲ್ಲಿ ಹೆಸರು ಬಂತು, ನನ್ನ ಡಿಪ್ಲೊಮಾ ಫೀಸು ಆ ಹೊಲದ ಮೆಕ್ಕೆಜೋಳದಿಂದ ಹೋಯಿತು.

ಅದೇ ಕಾಗೋಡು ಊರಿನ ಕಾಗೋಡು ತಿಮ್ಮಪ್ಪನವರು ಕಂದಾಯ ಸಚಿವರಾಗಿದ್ದಾಗ ಭೂಸುಧಾರಣೆ ಕಾಯ್ದೆಗೆ 38ಎ ಕಲಂ ಸೇರಿತು. ಖಾಸಗಿ ಜಮೀನಿನಲ್ಲಿ ದಾಖಲೆ ಇಲ್ಲದೆ ತಲೆಮಾರುಗಳಿಂದ ಇದ್ದ ತಾಂಡಾ, ಹಟ್ಟಿಗಳ ಜನಕ್ಕೆ ಮನೆ ಜಾಗದ ಹಕ್ಕು. ಆ ಕಾನೂನಿನ ಫಲವಾಗಿ 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯವರು ಐವತ್ತು ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ಹಂಚಿದರು. ಕಾನೂನು ಮಾಡಿದ್ದು ಒಂದು ಪಕ್ಷ, ಹಂಚಿದ್ದು ಇನ್ನೊಂದು. ವೇದಿಕೆಯ ಮೇಲಿನ ಕಟೌಟ್ ಬೇರೆ ಆದರೂ ತಾಂಡಾದವರ ಕೈಗೆ ಕಾಗದ ಬಂತು. ನಮ್ಮ ಶಾಸಕರು ಐದು ವರ್ಷ ಹಾಕಿಸುವ ಸಿಸಿ ರಸ್ತೆ ಮೂರು ಮಳೆಗಾಲಕ್ಕೆ ಕಿತ್ತುಹೋಗುತ್ತದೆ. ಆ ಒಂದು ಕಲಂ ಇನ್ನೂ ಇದೆ.

ಕೊಡುವ ಹಾಗೆ ಕಿತ್ತುಕೊಳ್ಳುವುದೂ ಬಿಲ್ಲಿನಿಂದಲೇ. 2020ರ ಜುಲೈನಲ್ಲಿ, ನಾವೆಲ್ಲ ಕೊರೊನಾ ಭಯದಲ್ಲಿ ಮನೆಯೊಳಗಿದ್ದಾಗ, ಸುಗ್ರೀವಾಜ್ಞೆಯಲ್ಲಿ 79ಎ, 79ಬಿ ಕಲಂ ತೆಗೆದರು. ಕೃಷಿ ಮಾಡದವರು, 25 ಲಕ್ಷಕ್ಕಿಂತ ಹೆಚ್ಚು ಬೇರೆ ಆದಾಯ ಇದ್ದವರು ಹೊಲ ಕೊಳ್ಳುವಂತಿಲ್ಲ ಅನ್ನುವ ಬೇಲಿ ಅದು. ರೈತ ಸಂಘಟನೆಗಳು ಸೆಪ್ಟೆಂಬರ್ 28ಕ್ಕೆ ಬಂದ್ ಮಾಡಿದವು. ಡಿಸೆಂಬರ್‌ನಲ್ಲಿ ಜೆಡಿಎಸ್ ಬೆಂಬಲದಿಂದ ಪರಿಷತ್ತಿನಲ್ಲೂ ಪಾಸಾಯಿತು. ವಿರೋಧದಲ್ಲಿದ್ದಾಗ ಗಂಟಲು ಹರಿಯುವಂತೆ ಕೂಗಿದ ಕಾಂಗ್ರೆಸ್ 2023ರಲ್ಲಿ ಅಧಿಕಾರಕ್ಕೆ ಬಂದು ಎರಡು ವರ್ಷ ಕಳೆದರೂ ಆ ಬೇಲಿ ಮತ್ತೆ ಹಾಕಲಿಲ್ಲ. ನಮ್ಮೂರ ಹೆದ್ದಾರಿ ಪಕ್ಕದ ಹೊಲಗಳಿಗೆ ಈಗ ಕಲ್ಲುಕಂಬದ ಬೇಲಿ ಬಿದ್ದಿದೆ. ಯಜಮಾನರು ಬೆಂಗಳೂರಿನಲ್ಲಿದ್ದಾರೆ, ಉಳುತ್ತಿದ್ದವನು ಗೇಟಿನ ವಾಚ್‌ಮನ್ ಆಗಿದ್ದಾನೆ. ಆ ಬಿಲ್ಲಿಗೆ ನಿಮ್ಮ ಶಾಸಕರು ಏನಂದರು? ಕೇಳಿದ್ದೀರಾ? ನಾನೂ ಕೇಳಿರಲಿಲ್ಲ.

ಕೇಳುವುದಿಲ್ಲ ಯಾಕೆ ಅಂದರೆ ನಮಗೆ ಅವರಿಂದ ಬೇಕಾದ್ದು ಬೇರೆ. ಮನೆ ಬೇಕು, ಅದರ ಪಟ್ಟಿಗೆ ಶಾಸಕರ ಮಾತು ಬೇಕು. ಬಗರ್‌ಹುಕುಂ ಸಕ್ರಮ ಆಗಬೇಕು, 57ನೇ ನಮೂನೆ ಹಾಕಿ ವರ್ಷಗಳಾಗಿವೆ, ಆ ಸಮಿತಿಯ ಅಧ್ಯಕ್ಷರ ಕುರ್ಚಿಯಲ್ಲಿ ಕೂರುವವರೂ ಅವರೇ. ತಾಲೂಕಿನ ಕೆಡಿಪಿ ಸಭೆಗೂ ಅವರೇ. ತಹಶೀಲ್ದಾರರು, ಪಿಎಸ್‌ಐ ವರ್ಗ ಆಗಿ ಬರುವುದೂ ಅವರ ಪತ್ರದಿಂದ ಅಂತ ಚಹಾದಂಗಡಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೀಗೆ ಊರಿನ ಪ್ರತಿ ಬೀಗದ ಕೈಯೂ ಒಬ್ಬರ ಸೊಂಟದಲ್ಲಿದ್ದರೆ ಅವರ ಮುಂದೆ ನಿಂತು 'ಸದನದಲ್ಲಿ ಏನು ಮಾತಾಡಿದ್ರಿ' ಅಂತ ಕೇಳುವ ಧೈರ್ಯ ಯಾರಿಗೆ ಬರುತ್ತದೆ?

ಆ ಬೀಗದ ಕೈಗಳಲ್ಲಿ ಕೆಲವು ಬೇರೆಯವರ ಕೈಯಲ್ಲಿರಬೇಕಿತ್ತು. ಜಿಲ್ಲಾ ಪಂಚಾಯ್ತಿ, ತಾಲೂಕು ಪಂಚಾಯ್ತಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಅದೇ ವರ್ಷ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ವಿಂಗಡಣೆ, ಮೀಸಲಾತಿ ನಿಗದಿಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಹೊಸ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟರು. ಆಮೇಲೆ ಕೋರ್ಟು, ಕರಡು ಪಟ್ಟಿ, ಆಕ್ಷೇಪಣೆ, ಮತ್ತೆ ಕೋರ್ಟು. ನಾಲ್ಕು ವರ್ಷ ದಾಟಿತು. 2016ರಲ್ಲಿ ನಾಲ್ಕನೇ ಕ್ಲಾಸಿನಲ್ಲಿದ್ದ ಹುಡುಗ ಈಗ ವೋಟಿನ ವಯಸ್ಸಿಗೆ ಬಂದಿದ್ದಾನೆ. ಅವನಿಗೆ ಜಿಲ್ಲಾ ಪಂಚಾಯ್ತಿ ಸದಸ್ಯ ಅಂದರೆ ಯಾರು ಅಂತಲೇ ಗೊತ್ತಿಲ್ಲ. ನಜೀರ್ ಸಾಬರು ಕಟ್ಟಿದ ಪಂಚಾಯತ್ ರಾಜ್ ಕಂಡು ಬೇರೆ ರಾಜ್ಯದವರು ಬಂದು ಪಾಠ ಕಲಿತ ನಾಡು ಇದು. ಎಲ್ಲ ಪಕ್ಷದ ಶಾಸಕರೂ ಈ ವಿಷಯದಲ್ಲಿ ತಣ್ಣಗಿದ್ದಾರೆ. ತಾಲೂಕಿನಲ್ಲಿ ಇನ್ನೊಬ್ಬ ನಾಯಕ ಹುಟ್ಟುವುದು ಯಾರಿಗೂ ಬೇಡ.

ಇನ್ನು ನಮ್ಮ ಕಡೆಯ ತಪ್ಪು. ನಮ್ಮ ಅಂದರೆ ಪತ್ರಕರ್ತರ. ನಾನು ಕೆಲಸ ಮಾಡುವ ಪತ್ರಿಕೆ ನನಗೆ ಕೊಡುವುದು ತಿಂಗಳ ಸಂಬಳವಲ್ಲ, ಸುದ್ದಿಯ ಲೆಕ್ಕ ಮತ್ತು ಜಾಹೀರಾತಿನ ಕಮಿಷನ್ನು. ಶಾಸಕರ ಹುಟ್ಟುಹಬ್ಬ ಬಂದರೆ ಪುರವಣಿ ಮಾಡಬೇಕು, ಗುತ್ತಿಗೆದಾರರ ಹತ್ತಿರ ಹೋಗಿ ಶುಭಾಶಯದ ಜಾಹೀರಾತು ಕೇಳಬೇಕು. ಕಳೆದ ಸಲ ಅದರಲ್ಲಿ ಬಂದ ಕಮಿಷನ್ನಿನಿಂದ ಮಗಳ ಶಾಲೆಯ ಫೀಸು ಕಟ್ಟಿದೆ. ಭೂಮಿಪೂಜೆ ಸುದ್ದಿ ಕಳಿಸಿದರೆ ಫೋಟೊ ಸಮೇತ ಬರುತ್ತದೆ. ಸದನದಲ್ಲಿ ನಮ್ಮ ಶಾಸಕರು ಈ ಅಧಿವೇಶನದಲ್ಲಿ ಎಷ್ಟು ಪ್ರಶ್ನೆ ಕೇಳಿದರು ಅಂತ ಬರೆದು ಕಳಿಸಿದ್ದೆ. ಬರಲಿಲ್ಲ. ಫೋನ್ ಮಾಡಿದರೆ ಡೆಸ್ಕಿನವರು, "ಲೋಕಲ್ ಇದ್ರ ಕಳಸ್ರಿ, ಇದು ಬೆಂಗಳೂರಿಂದು" ಅಂದರು. ನಮ್ಮ ಶಾಸಕರ ಪ್ರಶ್ನೆ ಲೋಕಲ್ ಅಲ್ಲವಂತೆ, ಅವರು ತೊಟ್ಟಿಲು ತೂಗಿದ್ದು ಲೋಕಲ್.

ಆ ಪ್ರಶ್ನೆಗಳ ಶಕ್ತಿ ಏನು ಅಂತ ತಾಲೂಕು ಕಚೇರಿಯ ಗುಮಾಸ್ತರನ್ನು ಕೇಳಿ ನೋಡಿ. ಅವರ ಭಾಷೆಯಲ್ಲಿ ಅದು 'ಎಲ್‌ಎಕ್ಯೂ'. ಎಲ್‌ಎಕ್ಯೂ ಬಂದಿದೆ ಅಂದರೆ ರಾತ್ರಿ ಒಂಬತ್ತಾದರೂ ಲೈಟು ಆರುವುದಿಲ್ಲ. ಆರು ತಿಂಗಳು ಸಿಗದ ಕಡತ ಅರ್ಧ ತಾಸಿನಲ್ಲಿ ಸಿಗುತ್ತದೆ. ನೀವು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಮೇಲ್ಮನವಿ ಮೇಲೆ ಮೇಲ್ಮನವಿ ಹಾಕಿದರೂ ಬರದ ಲೆಕ್ಕ ಸಚಿವರ ಸಹಿಯೊಂದಿಗೆ ಸದನದಲ್ಲಿ ಬರುತ್ತದೆ. ಸುಳ್ಳು ಉತ್ತರ ಕೊಟ್ಟರೆ ಹಕ್ಕುಚ್ಯುತಿ. ಈ ಉತ್ತರಗಳು ಕನ್ನಡದಲ್ಲೇ ವಿಧಾನಸಭೆಯ ಜಾಲತಾಣದಲ್ಲಿ ಇರುತ್ತವೆ, ಯಾರು ಬೇಕಾದರೂ ಮೊಬೈಲಿನಲ್ಲಿ ತೆರೆದು ಓದಬಹುದು. ನಿಮ್ಮ ಶಾಸಕರ ಹೆಸರು ಹುಡುಕಿ. ಅವರು ಕೇಳಿದ್ದೇನು, ಕೇಳದೆ ಬಿಟ್ಟದ್ದೇನು ಅಲ್ಲೇ ಗೊತ್ತಾಗುತ್ತದೆ. ನಮ್ಮವರದು ನೋಡಿದೆ. ರಸ್ತೆ ಅನುದಾನ, ಸಮುದಾಯ ಭವನದ ಅನುದಾನ, ಮತ್ತೆ ರಸ್ತೆ. ಸಾಲದ ಕಾಟದ ಮೇಲೆ ಒಂದೂ ಇಲ್ಲ.

ಅದಕ್ಕೇ ಓಣಿಯ ಹೆಣ್ಣುಮಕ್ಕಳನ್ನು ಕರೆದು ಕೂತು ಒಂದು ಹಾಳೆ ಬರೆದೆವು. ಮೂರೇ ಪ್ರಶ್ನೆ. ನಮ್ಮ ತಾಲೂಕಿನಲ್ಲಿ ಸಾಲ ಕೊಡುತ್ತಿರುವ ಸಂಸ್ಥೆಗಳೆಷ್ಟು, ಅದರಲ್ಲಿ ನೋಂದಣಿಯಾದವು ಯಾವುವು? ಹೊಸ ಕಾಯ್ದೆ ಬಂದ ಮೇಲೆ ಪೊಲೀಸ್ ಠಾಣೆಯಲ್ಲಿ ಎಷ್ಟು ದೂರು ದಾಖಲಾಗಿವೆ, ಎಷ್ಟನ್ನು 'ಇದು ನಮಗೆ ಬರೋದಿಲ್ಲ' ಅಂತ ವಾಪಸ್ ಕಳಿಸಿದ್ದಾರೆ? ನೋಂದಣಿಯಾದ ಕಂಪನಿಯವರು ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದರೆ ತಡೆಯುವ ಅಧಿಕಾರಿ ಯಾರು? ಇದನ್ನು ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಬೇಕು ಅಂತ ಮನವಿ. ಮೂವತ್ತೊಂದು ಜನ ಸಹಿ ಹಾಕಿದರು, ಹನ್ನೆರಡು ಜನ ಹೆಬ್ಬೆಟ್ಟು ಒತ್ತಿದರು. ಕಟ್ಟೆಯ ಮೇಲಿನ ಅಕ್ಕ ಮೊದಲ ಸಹಿ.

ಶನಿವಾರ ಶಾಸಕರ ಕಚೇರಿಗೆ ಹೋದೆವು. ಸಾಹೇಬರು ಒಂದು ಮದುವೆಗೆ ಹೋಗಿದ್ದರು. ಪಿಎ ಹಾಳೆ ತೆಗೆದುಕೊಂಡು ಮೇಲಿಂದ ಕೆಳಗೆ ನೋಡಿದರು. "ಅನುದಾನದ್ದಲ್ಲೇನು ಇದು?" ಅಂದರು. ಅಲ್ಲ ಅಂದೆ. ಮೇಜಿನ ಮೇಲೆ ಲಗ್ನಪತ್ರಿಕೆಗಳ ಗುಡ್ಡೆ ಇತ್ತು, ಅದರ ಕೆಳಗೆ ಸೇರಿಸಿದರು. ಅಕ್ಕ ಏನೂ ಮಾತಾಡದೆ ಕೈ ಚಾಚಿ ಹಾಳೆ ಎಳೆದು ಗುಡ್ಡೆಯ ಮೇಲಿಟ್ಟಳು. "ಸ್ವೀಕೃತಿ ಬರದು ಕೊಡ್ರಿ ಅಣ್ಣಾ" ಅಂದಳು. ಬರೆದು ಕೊಟ್ಟಿದ್ದಾರೆ, ಸೀಲು ಹಾಕಿ, ತಾರೀಖು ಹಾಕಿ. ಆ ಚೀಟಿ ಈಗ ಅವಳ ಟ್ರಂಕಿನಲ್ಲಿದೆ. ಅಧಿವೇಶನ ಮುಗಿದ ಮರುದಿನ ಅದನ್ನು ಹಿಡಿದು ಮತ್ತೆ ಹೋಗುತ್ತೇವೆ.